ಉಳಿತಾಯದ ಆಯವ್ಯಯ, ಬಾಕಿ ಉಳಿದ ಸಂಬಳ

ಮಾನ್ಯ ಓದುಗರೇ,

ನಿಮ್ಮ ಪತ್ರ ತಲುಪಿತು. ನಿಮ್ಮೂರಿನ ಪುರಸಭೆ ಈ ಸಲವೂ ಉಳಿತಾಯದ ಆಯವ್ಯಯ ಮಂಡಿಸಿದೆ. ಅದೇ ಹೊತ್ತಿಗೆ ಹೊರಗುತ್ತಿಗೆಯ ನೀರು ಸರಬರಾಜು ನೌಕರರಿಗೆ ಸಂಬಳವಾಗಿಲ್ಲ, ನಿಮ್ಮ ಬಡಾವಣೆಗೆ ಆರು ದಿನಕ್ಕೊಮ್ಮೆ ನೀರು ಬರುತ್ತಿದೆ, ಬೀದಿದೀಪ ಕೆಟ್ಟಿದೆಯೆಂದು ದೂರಿತ್ತರೆ ಹಣವಿಲ್ಲವೆಂಬ ಉತ್ತರ ಸಿಗುತ್ತಿದೆ ಎಂದು ಬರೆದಿದ್ದೀರಿ. ಚುನಾಯಿತ ಮಂಡಳಿಯನ್ನೇ ತೆಗೆದು ದಕ್ಷ ಅಧಿಕಾರಿಯೊಬ್ಬರ ಕೈಗೆ ಊರನ್ನು ಒಪ್ಪಿಸಬಾರದೇಕೆ ಎಂದೂ ಕೇಳಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನೀವು ಸೂಚಿಸಿದ ಪರಿಹಾರವನ್ನು ನಾವು ಒಪ್ಪಲಾರೆವು; ಏಕೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮೊದಲು ಆ ಉಳಿತಾಯದ ವಿಚಾರ. ಆಯವ್ಯಯದ ಪುಸ್ತಕದ ಆದಾಯದ ಕಡೆಯಲ್ಲಿ ಆರಂಭಿಕ ಶಿಲ್ಕು (ಹಿಂದಿನ ವರ್ಷದಿಂದ ಉಳಿದು ಬಂದ ಹಣ), ಬರಬಹುದಾದ ಅನುದಾನ, ಹಳೆಯ ಬಾಕಿಯೂ ಸೇರಿದಂತೆ ವಸೂಲಾಗಬೇಕಾದ ಕಂದಾಯ, ನೀರಿನ ಶುಲ್ಕ, ಮಳಿಗೆ ಬಾಡಿಗೆ ಎಲ್ಲವನ್ನೂ ಪೂರ್ತಿಯಾಗಿ ಬರೆದುಕೊಂಡರೆ ಕೊನೆಯಲ್ಲಿ ಒಂದಷ್ಟು ಲಕ್ಷ ಉಳಿದೇ ಉಳಿಯುತ್ತದೆ. ಆರಂಭಿಕ ಶಿಲ್ಕಿನ ದೊಡ್ಡ ಪಾಲು ಯಾವುದೋ ಯೋಜನೆಗೆಂದು ಬಂದು ಖರ್ಚಾಗದೆ ನಿಂತ ಹಣವಾಗಿದ್ದರೆ ಅದರಿಂದ ಸಂಬಳ ಕೊಡುವಂತಿಲ್ಲ. ಕೇಂದ್ರದ ತೆರಿಗೆ ಹಣದ ಹಂಚಿಕೆಯನ್ನು ಶಿಫಾರಸು ಮಾಡುವ 15ನೇ ಹಣಕಾಸು ಆಯೋಗವು ದೊಡ್ಡ ನಗರಗಳನ್ನು ಬಿಟ್ಟು ಉಳಿದ ಊರುಗಳಿಗೆ ಶಿಫಾರಸು ಮಾಡಿದ ಮೂಲ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ರಷ್ಟನ್ನೂ ಸಂಬಳ ಮತ್ತು ಕಚೇರಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಆದ್ದರಿಂದ ಖಾತೆಯಲ್ಲಿ ಕೋಟಿ ರೂಪಾಯಿ ಇರುವುದು, ವಾಲ್ವ್ ತಿರುಗಿಸುವ ನೌಕರನಿಗೆ ಸಂಬಳವಿಲ್ಲದಿರುವುದು ಎರಡೂ ಒಂದೇ ದಿನ ನಿಜವಾಗಿರಬಹುದು. ನೀವು ಕೇಳಿ ಪಡೆಯಬೇಕಾದದ್ದು ಹಿಂದಿನ ವರ್ಷದ ನಿಜವಾದ ಜಮಾ-ಖರ್ಚನ್ನು. ಅಂದಾಜಿನ ಪಕ್ಕದಲ್ಲಿ ಅದನ್ನಿಟ್ಟು ನೋಡಿದರೆ ಕೊರತೆ ಎಲ್ಲಿ ಅಡಗಿದೆಯೆಂಬುದು ಕಾಣುತ್ತದೆ.

ಆ ಕೊರತೆಯ ಬೇರು ಸ್ವಂತ ಆದಾಯದಲ್ಲಿದೆ. ಹಿಂದೆ ಊರಿನೊಳಕ್ಕೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಎಂಬ ತೆರಿಗೆ ಇತ್ತು. ಕರ್ನಾಟಕದಲ್ಲಿ ಅದು 1979ರಲ್ಲಿ ರದ್ದಾಯಿತು. ಅಂದಿನಿಂದ ಪುರಸಭೆಯ ಕೈಯಲ್ಲಿ ಉಳಿದ ಮುಖ್ಯ ತೆರಿಗೆಯೆಂದರೆ ಆಸ್ತಿ ತೆರಿಗೆ. ಮನೆಯ ಮಾಲೀಕರೇ ಅಳತೆ, ಬಳಕೆ ನಮೂದಿಸಿ ತೆರಿಗೆ ಲೆಕ್ಕಹಾಕುವ ಸ್ವಯಂಘೋಷಣೆ ಪದ್ಧತಿ ಬಂದು ಎರಡು ದಶಕ ದಾಟಿದೆ. ಪದ್ಧತಿ ಒಳ್ಳೆಯದೇ. ಆದರೆ ಘೋಷಣೆಯನ್ನು ಸ್ಥಳಕ್ಕೆ ಹೋಗಿ ತಾಳೆ ನೋಡಲು ಸಿಬ್ಬಂದಿ ಇಲ್ಲದಿದ್ದರೆ, ಹತ್ತು ವರ್ಷದ ಹಿಂದೆ ಹೆಂಚಿನ ಮನೆಯಾಗಿದ್ದದ್ದು ಇಂದು ಕೆಳಗೆ ಎರಡು ಅಂಗಡಿ, ಮೇಲೆ ಎರಡು ಬಾಡಿಗೆ ಮನೆಯಾಗಿ ನಿಂತಿದ್ದರೂ ವಹಿಯಲ್ಲಿ ಹೆಂಚಿನ ಮನೆಯಾಗಿಯೇ ಉಳಿಯುತ್ತದೆ. ಊರ ಹೊರಗೆ ಅನುಮೋದನೆಯಿಲ್ಲದೆ ಕೃಷಿ ಜಮೀನಿನಲ್ಲಿ ಎದ್ದ ಕಂದಾಯ ಬಡಾವಣೆಗಳ ಸ್ಥಿತಿ ಇನ್ನೂ ವಿಚಿತ್ರ. ಅಲ್ಲಿ ಜನ ಮನೆ ಕಟ್ಟಿ ವಾಸವಾಗಿದ್ದಾರೆ, ರಸ್ತೆ, ಚರಂಡಿ, ನೀರು ಕೇಳುತ್ತಿದ್ದಾರೆ, ಕೇಳುವುದು ಅವರ ಹಕ್ಕೂ ಹೌದು. ಆದರೆ ಖಾತಾ ಇಲ್ಲದ ಆಸ್ತಿ, ಯಾರು ಎಷ್ಟು ತೆರಿಗೆ ಕೊಡಬೇಕೆಂದು ಬರೆದಿಡುವ ಬೇಡಿಕೆ ವಹಿಗೆ ಬರುವುದಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ (ಅನಧಿಕೃತ ಆಸ್ತಿಯನ್ನು ತೆರಿಗೆಗಾಗಿ ಪ್ರತ್ಯೇಕವಾಗಿ ದಾಖಲಿಸುವ ಖಾತಾ) ಕೊಡುವ ಅಭಿಯಾನ ಆರಂಭಿಸಿದ್ದು ಈ ಕಾರಣದಿಂದಲೇ ಮುಖ್ಯವಾದದ್ದು. ನಿಯಮ ಮೀರಿದವರಿಗೆ ಬಹುಮಾನ ಕೊಟ್ಟಂತಾಯಿತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಸೌಲಭ್ಯ ಪಡೆಯುವವರು ತೆರಿಗೆಯ ಲೆಕ್ಕದೊಳಗೆ ಬರಬೇಕೆಂಬುದೇ ನಮಗೆ ಹೆಚ್ಚು ತೂಕದ ಮಾತಾಗಿ ಕಾಣುತ್ತದೆ.

ನೀರಿನದೂ ಇದೇ ಕಥೆ. ದೂರದ ನದಿಯಿಂದ ನೀರೆತ್ತುವ ವಿದ್ಯುತ್ತಿನ ವೆಚ್ಚ ಏರುತ್ತಲೇ ಹೋಗುತ್ತದೆ. ಮೀಟರ್ ಇಲ್ಲದ ನಲ್ಲಿಗೆ ತಿಂಗಳಿಗಿಷ್ಟೆಂದು ಎಂದೋ ನಿಗದಿಯಾದ ದರ ಹಾಗೆಯೇ ನಿಂತಿರುತ್ತದೆ. ಅದರಲ್ಲೂ ಬಾಕಿ.

ಇದೆಲ್ಲ ಊರಿನವರದೇ ತಪ್ಪೆಂದು ನಾವು ಹೇಳುತ್ತಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ 12ನೇ ಅನುಸೂಚಿ ಸೇರಿ, ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ಹೊಣೆಗಳ ಪಟ್ಟಿ ದೊರೆಯಿತು. ಅವುಗಳಿಗೆ ತಕ್ಕ ಆದಾಯದ ಮೂಲಗಳ ಪಟ್ಟಿ ಮಾತ್ರ ದೊರೆಯಲಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2022ರ ನವೆಂಬರಿನ ವರದಿಯಲ್ಲಿ ತೋರಿಸಿದಂತೆ, ನಮ್ಮ ನಗರಾಡಳಿತಗಳ ಆದಾಯ ಮತ್ತು ವೆಚ್ಚ ದೇಶದ ಒಟ್ಟು ಉತ್ಪನ್ನದ ಶೇ 1ರ ಆಸುಪಾಸಿನಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ನಿಂತೇಬಿಟ್ಟಿದೆ. ಬ್ರೆಜಿಲ್‌ನಲ್ಲಿ ಈ ಪ್ರಮಾಣ ಶೇ 7.4, ದಕ್ಷಿಣ ಆಫ್ರಿಕಾದಲ್ಲಿ ಶೇ 6.

ಈಗ ಅಧಿಕಾರಿಯ ಆಡಳಿತದ ಪ್ರಶ್ನೆ. ಇದು ಹೊಸ ಪ್ರಯೋಗವಾಗುವುದಿಲ್ಲ. 2018ರ ಆಗಸ್ಟ್ ಕೊನೆಯಲ್ಲಿ ಮತದಾನ ನಡೆದ ರಾಜ್ಯದ ನೂರಕ್ಕೂ ಹೆಚ್ಚು ನಗರ, ಪಟ್ಟಣಗಳ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ವ್ಯಾಜ್ಯದಿಂದಾಗಿ ತಮ್ಮ ಅಧ್ಯಕ್ಷರನ್ನು ಆರಿಸಲು ಸುಮಾರು ಎರಡು ವರ್ಷ ಕಾಯಬೇಕಾಯಿತು. ಅಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ಈ ನಡುವೆ ಊರುಗಳನ್ನು ನಡೆಸಿದವರು ಆಡಳಿತಾಧಿಕಾರಿಗಳೇ, ಅದೂ ಉಪವಿಭಾಗ ಅಥವಾ ತಾಲ್ಲೂಕಿನ ಭಾರವನ್ನು ಹೊತ್ತುಕೊಂಡೇ. ಅವರಲ್ಲಿ ಶ್ರಮಜೀವಿಗಳಿದ್ದರು, ಅನುಮಾನವಿಲ್ಲ. ಆದರೆ ತೆರಿಗೆಯ ಪರಿಷ್ಕರಣೆಯಂಥ ಜನರೆದುರು ನಿಂತು ಒಪ್ಪಿಸಬೇಕಾದ ಕೆಲಸವನ್ನು, ಇಂದೋ ನಾಳೆಯೋ ವರ್ಗವಾಗುವವರು ಕೈಗೆತ್ತಿಕೊಳ್ಳುವುದು ಕಷ್ಟ. ಸದಸ್ಯರು ಕೆಟ್ಟವರಾದರೆ ಐದು ವರ್ಷಕ್ಕೊಮ್ಮೆ ನೀವು ಬದಲಿಸಬಹುದು. ಅಧಿಕಾರಿಯನ್ನು ಬದಲಿಸುವ ಹಕ್ಕು ನಿಮಗಿಲ್ಲ.

ನಮ್ಮ ದೃಷ್ಟಿಯಲ್ಲಿ ಆಗಬೇಕಾದ ಸುಧಾರಣೆ ಬೇರೆಯದು. ಚುನಾವಣೆ ಮುಗಿಯುವ ಮೊದಲೇ ಎರಡೂ ಅವಧಿಯ ಮೀಸಲಾತಿ ನಿಗದಿಯಾಗಿ, ಅಧ್ಯಕ್ಷರ ಕುರ್ಚಿ ಒಂದು ದಿನವೂ ಖಾಲಿ ಬೀಳದಂತಾಗಬೇಕು. ಕಂದಾಯ ಮತ್ತು ಲೆಕ್ಕಪತ್ರ ವಿಭಾಗದ ಖಾಲಿ ಹುದ್ದೆಗಳನ್ನು ಉಳಿದೆಲ್ಲಕ್ಕಿಂತ ಮೊದಲು ತುಂಬಬೇಕು, ಏಕೆಂದರೆ ಆ ಹುದ್ದೆಗಳು ತಮ್ಮ ಸಂಬಳವನ್ನು ತಾವೇ ದುಡಿದುಕೊಡುತ್ತವೆ. ಗುತ್ತಿಗೆ ಅವಧಿ ಮುಗಿದರೂ ಹಳೆಯ ಬಾಡಿಗೆಯಲ್ಲೇ ಮುಂದುವರಿದಿರುವ ಪುರಸಭೆ ಮಳಿಗೆಗಳನ್ನು ಬಹಿರಂಗ ಹರಾಜಿಗಿಡಬೇಕು. ಸದಸ್ಯರಲ್ಲಿ ಅನೇಕರಿಗೆ ಇದು ಆಪ್ತರ ಎದುರು ನಿಲ್ಲುವ ಪ್ರಸಂಗವಾದೀತು, ಆದರೂ ಆಗಬೇಕು. ಮನೆ ಮನೆ ಸಮೀಕ್ಷೆ ನಡೆದರೆ ನಮ್ಮಲ್ಲಿ ಹಲವರ ತೆರಿಗೆ ಏರುತ್ತದೆ, ಪತ್ರ ಬರೆದ ನಿಮ್ಮದೂ ಏರಬಹುದು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಹಾಗೆ ಹೆಚ್ಚು ಕೊಡುವವರಿಗೆ, ಕೊಟ್ಟ ಹಣ ತಮ್ಮ ವಾರ್ಡಿನಲ್ಲಿ ಏನಾಯಿತೆಂದು ತಿಳಿಯುವ ಹಕ್ಕೂ ಇದೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಮಾಹಿತಿ ಹಕ್ಕು ಕಾಯ್ದೆಯಡಿ ಪುರಸಭೆಯ ಮುಖ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸಿ, ನಿಮ್ಮ ವಾರ್ಡಿನ ಆಸ್ತಿ ತೆರಿಗೆ ಮತ್ತು ನೀರಿನ ಶುಲ್ಕದ ಕಳೆದ ಮೂರು ವರ್ಷಗಳ ಬೇಡಿಕೆ, ವಸೂಲಿ, ಬಾಕಿಯ ತಖ್ತೆಯನ್ನೂ, ಅದೇ ವರ್ಷಗಳ ಲೆಕ್ಕ ಪರಿಶೋಧನಾ ವರದಿಯನ್ನೂ ಪಡೆಯಿರಿ. ಅವುಗಳ ಪ್ರತಿಯನ್ನು ನಮಗೆ ಕಳುಹಿಸಿದರೆ ಸದಸ್ಯರ ಮತ್ತು ಮುಖ್ಯಾಧಿಕಾರಿಗಳ ವಿವರಣೆಯನ್ನೂ ಪಡೆದು, ಎರಡನ್ನೂ ಒಟ್ಟಿಗೇ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

ಸಂಪಾದಕ