ನಡುಗಡಲಲ್ಲಿ ಯಂತ್ರ ಕೆಟ್ಟರೆ ದಡದಲ್ಲಿ ಕೂತವರು ರಿಪೇರಿ ಮಾಡಿಸಬಲ್ಲರೇ?

ತಜ್ಞರು ಹಡಗಿಗೆ ಬಾರದೆ, ಬರೀ ವಿಡಿಯೊ ಕಾಲ್‌ನಲ್ಲಿ ಹೇಳಿಕೊಟ್ಟು ಯಂತ್ರ ಸರಿಮಾಡಿಸೋಕೆ ಆಗುತ್ತಾ ಅಂತ ಕೇಳಿದ್ದೀರಿ. ಬಹಳಷ್ಟು ಸಲ ಆಗುತ್ತೆ. ನನ್ನ ಕೈಯಲ್ಲೇ ಆಗಿದ್ದು ಹೇಳ್ತೀನಿ.

ನಾನಾಗ ಹಡಗಿನಲ್ಲಿ ಫೋರ್ತ್ ಎಂಜಿನಿಯರ್, ಅಂದರೆ ಎಂಜಿನ್ ರೂಮಿನ ಕಿರಿಯ ಅಧಿಕಾರಿ. ಹಿಂದೂ ಮಹಾಸಾಗರದ ನಡುವೆ ಎರಡು ಪ್ಯೂರಿಫೈಯರ್‌ಗಳಲ್ಲಿ ಒಂದು ಕೈಕೊಟ್ಟಿತು. ಹಡಗಿನ ದಪ್ಪ ಎಣ್ಣೆಯನ್ನು ಸುಮಾರು 98 ಡಿಗ್ರಿಗೆ ಕಾಯಿಸಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬೌಲ್‌ಗೆ ಬಿಟ್ಟು, ನೀರು, ಮರಳಿನಂಥ ಕಸ ಬೇರೆ ಮಾಡೋ ಯಂತ್ರ ಅದು. ಬೌಲ್ ಮುಚ್ಚಿಕೊಳ್ಳದೆ ಎಣ್ಣೆಯೆಲ್ಲ ಸ್ಲಡ್ಜ್ ಟ್ಯಾಂಕ್‌ಗೆ, ಅಂದರೆ ಕಸ ಸೇರೋ ತೊಟ್ಟಿಗೆ, ಹರೀತಿತ್ತು. ಬಿಚ್ಚಿ, ಸೋರದಂತೆ ತಡೆಯೋ ರಬ್ಬರ್ ಉಂಗುರ (ಒ-ರಿಂಗ್) ಎಲ್ಲ ಹೊಸದು ಹಾಕಿದೆ. ಮತ್ತೆ ಅದೇ. ಎರಡನೇ ಸಲ ಬಿಚ್ಚಿದ್ದೂ ದಂಡವಾಯ್ತು.

ಕೊನೆಗೆ ಚೀಫ್ ಎಂಜಿನಿಯರ್, ಯಂತ್ರದ ತಯಾರಕರ ಸರ್ವಿಸ್ ಎಂಜಿನಿಯರನ್ನು ಲೈನಿಗೆ ತಂದರು. ಎಂಜಿನ್ ರೂಮಿನ ಉಕ್ಕಿನ ಗೋಡೆ ದಾಟಿ ವೈಫೈ ಬರಲ್ಲ, ಆ ಸದ್ದಲ್ಲಿ ಮಾತೂ ಕೇಳಲ್ಲ. ಹಾಗಾಗಿ ಕಂಟ್ರೋಲ್ ರೂಮಿನಲ್ಲಿ ಮಾತಾಡೋದು, ಕೆಳಗೆ ಓಡಿ ವಿಡಿಯೊ ತೆಗೆದು ತರೋದು. ಬೌಲ್ ತೋರಿಸೋಕೆ ಹೋದರೆ ಅವರು ಕೇಳಿದ್ದೇ ಬೇರೆ: "ಬೌಲ್ ಮುಚ್ಚೋ ನೀರು ನಿಮಿಷಕ್ಕೆ ಎಷ್ಟು ಬರ್ತಿದೆ? ಮಗ್ಗಲ್ಲಿ ಹಿಡಿದು ಅಳೀರಿ." ಬೌಲ್ ಮುಚ್ಚೋದೇ ನೀರಿನ ಒತ್ತಡದಿಂದ, ಆದರೂ ನನಗೆ ಅದನ್ನು ಅಳೆಯೋದು ಹೊಳೆದಿರಲಿಲ್ಲ. ಅಳೆದರೆ ಅರ್ಧ ಮಗ್ಗೂ ತುಂಬಲಿಲ್ಲ. ಆ ನೀರನ್ನು ಬಿಡೋ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯೋ ವಾಲ್ವ್) ಹಿಂದಿನ ಪುಟ್ಟ ಜಾಲರಿ ಬಿಚ್ಚಿದೆ; ಸುಣ್ಣದ ಹಾಗೆ ಬಿಳೀ ಹಕ್ಕಳೆ ಗಟ್ಟಿಯಾಗಿ ಕೂತಿತ್ತು. ಕೆರೆದು ಹಾಕಿದ ಮೇಲೆ ಬೌಲ್ ಮುಚ್ಚಿತು. ಎರಡು ದಿನದ ದುಡಿಮೆಗೆ ಉತ್ತರ ಒಂದು ಪ್ರಶ್ನೆಯಲ್ಲಿತ್ತು. ಇಂಥ ನೂರಾರು ಯಂತ್ರ ಕಂಡವರ ಅನುಭವ ನನಗೆ ಅವತ್ತು ಸಿಕ್ಕಿದ್ದು ಹೀಗೆ.

ನಡುಗಡಲಿನಿಂದ ಕಾಲ್ ಹೋಗೋದು ಉಪಗ್ರಹದ ಮೂಲಕ. ಹಳೇ ಬಗೆಯ ಉಪಗ್ರಹಗಳು 36,000 ಕಿ.ಮೀ. ಮೇಲಿರೋದರಿಂದ ಪ್ರಶ್ನೆಗೆ ಉತ್ತರ ಬರೋ ಹೊತ್ತಿಗೆ ಅರ್ಧ ಸೆಕೆಂಡಿಗೂ ಹೆಚ್ಚು ತಡ, ಇಬ್ಬರೂ ಒಟ್ಟಿಗೆ ಮಾತಾಡಿಬಿಡ್ತೀವಿ. 2022ರಿಂದ ಸ್ಟಾರ್‌ಲಿಂಕ್ ಅನ್ನೋ ಉಪಗ್ರಹ ಇಂಟರ್ನೆಟ್ ಹಡಗಿಗೂ ಬಂತು. ಅದರ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಷ್ಟೇ, ಅದಿರೋ ಕಡೆ ಮಾತು ಸಲೀಸು.

ಆದರೂ ಕಂಪನ, ವಾಸನೆ, ಬೇರಿಂಗಿನ ಬಿಸಿ ಕ್ಯಾಮೆರಾಗೆ ಸಿಗಲ್ಲ. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಯಂತ್ರದ ನೇಮ್‌ಪ್ಲೇಟ್ ಫೋಟೊ ಮೊದಲೇ ಕಳಿಸಿ, ಸವೆದ ಭಾಗದ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟು ಫೋಟೊ ತೆಗೀರಿ. ಬ್ರೇಕರ್ ಆಫ್ ಮಾಡಿ ಕರೆಂಟ್ ತೆಗೆದ ಮೇಲೂ ಪ್ಯೂರಿಫೈಯರ್ ಬೌಲ್ ಎಷ್ಟೋ ಹೊತ್ತು ತಿರುಗ್ತಾ ಇರುತ್ತೆ. ಪೂರ್ತಿ ನಿಂತಿದೆ ಅಂತ ಕಣ್ಣಾರೆ ನೋಡದೆ, ಆ ಕಡೆಯಿಂದ ಯಾರೇ "ಬಿಚ್ಚಿ" ಅಂದರೂ ಮುಟ್ಟಬೇಡಿ. ಇನ್ನು ಹಡಗಲ್ಲಿ ಸ್ಪೇರ್ ಇಲ್ಲದಿದ್ದರೆ ಎಂಥ ತಜ್ಞರಿಂದಲೂ ಆಗಲ್ಲ, ಬಂದರಿನ ತನಕ ಇನ್ನೊಂದು ಯಂತ್ರವನ್ನೇ ನೆಚ್ಚಿಕೊಂಡು ಹೋಗಬೇಕು.