ಓಡುವವರಿಗೆ ವಿಟಮಿನ್ ಇ ಮಾತ್ರೆ ಬೇಕಾ?

ಓಡಿದರೆ ಮೈಯಲ್ಲಿ ಬೇರೆ ಅಣುಗಳನ್ನು ಕೆಡಿಸುವ ಅಸ್ಥಿರ ಕಣಗಳು, ಅಂದರೆ ಫ್ರೀ ರ‍್ಯಾಡಿಕಲ್ ಜಾಸ್ತಿ ಆಗುತ್ತವಂತೆ, ಅದರಿಂದ ಹೃದಯದ ಕಾಯಿಲೆ ಬರುತ್ತದಂತೆ, ದಿನಾ ವಿಟಮಿನ್ ಸಿ, ಇ ಮಾತ್ರೆ ಶುರು ಮಾಡಲಾ ಅಂತ ಕೇಳಿದ್ದೀರಿ. ಡಾಕ್ಟರು ಬರೆದುಕೊಟ್ಟಿಲ್ಲ ಅಂದ್ರೆ ಖಂಡಿತ ಬೇಡ.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಜೀವಕೋಶದ ಪೊರೆಯಲ್ಲಿ ಕೊಬ್ಬಿನ ಅಣುಗಳಿರುತ್ತವೆ. ಫ್ರೀ ರ‍್ಯಾಡಿಕಲ್ ಬಂದು ಒಂದು ಅಣುವಿನಿಂದ ಹೈಡ್ರೋಜನ್ ಕಿತ್ತುಕೊಂಡರೆ ಆ ಅಣುವೇ ರ‍್ಯಾಡಿಕಲ್ ಆಗುತ್ತದೆ. ಅದು ಆಕ್ಸಿಜನ್ ಸೇರಿಸಿಕೊಂಡು ಪಕ್ಕದ ಅಣುವಿಗೆ ಕೈ ಹಾಕುತ್ತದೆ. ಹೀಗೆ ಸರಪಳಿ ಮುಂದುವರಿಯುತ್ತದೆ. ಇದೇ ಲಿಪಿಡ್ ಪೆರಾಕ್ಸಿಡೇಶನ್. ಹಳೇ ಎಣ್ಣೆ ಕಮಟು ಹಿಡಿಯುವುದೂ ಇದೇ ಕ್ರಿಯೆಯಿಂದ. ಕೊನೆಗೆ ಉಳಿಯುವ ರಾಸಾಯನಿಕಗಳು, ಮ್ಯಾಲನ್‌ಡೈಆಲ್ಡಿಹೈಡ್‌ನಂಥವು ಪ್ರೋಟೀನ್‌ಗೂ ಡಿಎನ್ಎಗೂ ಅಂಟಿಕೊಂಡು ಕೆಡಿಸುತ್ತವೆ. ರಕ್ತನಾಳದ ಗೋಡೆಯೊಳಗೆ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಎಲ್‌ಡಿಎಲ್ ಹೀಗೆ ಕೆಟ್ಟರೆ ಬಿಳಿ ರಕ್ತಕಣಗಳು ಅದನ್ನು ನುಂಗಿ ನುಂಗಿ ಊದಿಕೊಂಡು ಅಲ್ಲೇ ಉಳಿಯುತ್ತವೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಲು ಶುರುವಾಗುವುದು ಹೀಗೆ.

ವಿಟಮಿನ್ ಇ ತನ್ನ ಹೈಡ್ರೋಜನ್ ಕೊಟ್ಟು ಈ ಸರಪಳಿಯನ್ನು ತುಂಡರಿಸುತ್ತದೆ. ಹಾಗಾದರೆ ಮಾತ್ರೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಆದರೆ ಜನರಿಗೆ ಕೊಟ್ಟು ನೋಡಿದಾಗ ಲೆಕ್ಕ ತಲೆಕೆಳಗಾಯಿತು. ಫಿನ್ಲೆಂಡ್‌ನಲ್ಲಿ 29,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ಎಲ್ಲರೂ ಸಿಗರೇಟು ಸೇದುವವರು. ವಿಟಮಿನ್ ಇ ತರಹವೇ ಈ ಕೆಡುಕನ್ನು ತಡೆಯುತ್ತದೆ ಅಂದುಕೊಂಡಿದ್ದ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಕಂಡಿತು! ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಇ ಕೊಟ್ಟ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚಿತ್ತು. ಅದು 2011ರ ವರದಿ.

ನಮ್ಮಂಥ ಓಡುವವರಿಗೆ 2009ರ ಜರ್ಮನ್ ಅಧ್ಯಯನ ಮುಖ್ಯ. ನಾಲ್ಕು ವಾರ ಎಲ್ಲರೂ ವ್ಯಾಯಾಮ ಮಾಡಿದರು. ಅರ್ಧ ಜನ ದಿನಾ 1,000 ಮಿಲಿಗ್ರಾಂ ವಿಟಮಿನ್ ಸಿ, 400 ಐಯು ವಿಟಮಿನ್ ಇ ತಗೊಂಡರು. ಮಾತ್ರೆ ತಗೊಳ್ಳದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ತಗೊಂಡವರಲ್ಲಿ ಆ ಲಾಭವೇ ಕಾಣಲಿಲ್ಲ. ಯಾಕಂದ್ರೆ ಓಡುವಾಗ ಹುಟ್ಟುವ ರ‍್ಯಾಡಿಕಲ್‌ಗಳೇ ಸ್ನಾಯುವಿಗೆ ಸೂಚನೆ. ಅದನ್ನು ಕಂಡೇ ದೇಹ ತನ್ನ ರಕ್ಷಣೆಯ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಸೂಚನೆಯನ್ನೇ ಅಳಿಸಿದರೆ ಓಡಿದ ಶ್ರಮ ಅಷ್ಟರ ಮಟ್ಟಿಗೆ ವ್ಯರ್ಥ.

ಕೆಲವು ಲಿವರ್ ಕಾಯಿಲೆಗೆ ವೈದ್ಯರು ವಿಟಮಿನ್ ಇ ಕೊಡುವುದುಂಟು, ಅದು ಬೇರೆ ಮಾತು. ಸಿಗರೇಟು ಸೇದುತ್ತಿದ್ದರೆ ಮೊದಲು ಬಿಡಿ, ಶುಗರ್ ಇದ್ದರೆ ಹಿಡಿತದಲ್ಲಿಡಿ. ಕೊಬ್ಬು ಕೆಡುವ ಆ ಸರಪಳಿಗೆ ದಿನಾ ಇಂಧನ ಹಾಕುವುದು ಇವೇ. ಈಗಾಗಲೇ ಮಾತ್ರೆ ಶುರು ಮಾಡಿದ್ದು, ಜತೆಗೆ ರಕ್ತ ತೆಳುವಾಗಿಸುವ ಔಷಧಿಯೂ ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ. ವಿಟಮಿನ್ ಇ ಪ್ರಮಾಣ ಹೆಚ್ಚಾದರೆ ರಕ್ತಸ್ರಾವದ ಅಪಾಯ ಇದೆ.