ಜನ ಬೂ ಅಂತ ಕೂಗಿದ ಕಾರ್ಯಕ್ರಮವನ್ನು ಯಾಕೆ ಕೇಳಬೇಕು? ಸ್ಟೀವೀ ರೇ ವಾನ್, ಮಾಂಟ್ರೋ 1982

ನೀವು ಕೇಳಿರುವುದು ಇಷ್ಟು: ಅಮೆರಿಕದ ಗಿಟಾರ್ ವಾದಕ ಸ್ಟೀವೀ ರೇ ವಾನ್ ಅವರ ಮೊದಲ ಸ್ಟುಡಿಯೋ ಆಲ್ಬಂ ನಿಮಗೆ ತುಂಬಾ ಇಷ್ಟ. ಗೆಳೆಯರ ಮಾತು ಕೇಳಿ, ಅವರು 1982 ಮತ್ತು 1985ರಲ್ಲಿ ಮಾಂಟ್ರೋದಲ್ಲಿ ನುಡಿಸಿದ್ದರ ಎರಡು ಡಿಸ್ಕ್‌ಗಳ ಲೈವ್ ಆಲ್ಬಂ ಹಾಕಿದಿರಿ. 1982ರ ಭಾಗದಲ್ಲಿ ಸದ್ದು ಒರಟಾಗಿದೆ, ಹಾಡುಗಳ ನಡುವೆ ಜನ ಬೂ ಅಂತ ಕೂಗುವುದು ಕೇಳಿಸುತ್ತದೆ. ಇದರಲ್ಲಿ ಅಂಥದ್ದೇನಿದೆ, ಇದನ್ನು ಹೇಗೆ ಕೇಳಬೇಕು ಅನ್ನೋದು ನಿಮ್ಮ ಪ್ರಶ್ನೆ.

ಅವರ ರೆಕಾರ್ಡಿಂಗುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಈ 1982ರ ಎಂಟು ಹಾಡುಗಳೇ. ಆ ಕೂಗನ್ನು ಅಳಿಸಿ ಸ್ವಚ್ಛ ಮಾಡಿದ ಪ್ರತಿ ಯಾರಾದರೂ ಕೊಟ್ಟರೆ ನನಗೆ ಬೇಡ. ಎದುರು ಕೂತವರಲ್ಲಿ ಒಂದಷ್ಟು ಜನ ಬೇಡ ಅನ್ನುತ್ತಿದ್ದಾರೆ. ವೇದಿಕೆಯ ಮೇಲಿನ ಮೂವರೂ ನುಡಿಸುವ ರೀತಿಯನ್ನು ಒಂಚೂರೂ ಬದಲಿಸುವುದಿಲ್ಲ. ಇದು ಕಿವಿಗೆ ನೇರವಾಗಿ ಸಿಗುವ ರೆಕಾರ್ಡಿಂಗುಗಳು ಬಹಳ ಕಡಿಮೆ.

ಮೊದಲು ಹಿನ್ನೆಲೆ. 1982ರ ಜುಲೈ 17, ಸ್ವಿಟ್ಜರ್ಲೆಂಡಿನ ಮಾಂಟ್ರೋ ಜಾಝ್ ಉತ್ಸವ, ಊರಿನ ಕೆಸಿನೋ ಸಭಾಂಗಣ. ವಾನ್ ಅವರಿಗೆ ಆಗ 27 ವರ್ಷ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕ್ಲಬ್ಬುಗಳಿಗೆ ಹೋಗುವವರಿಗೆಲ್ಲ ಅವರು ಗೊತ್ತು. ಅದರಾಚೆಗೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಒಂದೂ ಆಲ್ಬಂ ಬಂದಿಲ್ಲ. ಹಿರಿಯ ಸಂಗೀತ ನಿರ್ಮಾಪಕ ಜೆರ್ರಿ ವೆಕ್ಸ್ಲರ್, ವಾನ್ ನುಡಿಸಿದ್ದನ್ನು ಕೇಳಿ ಮೆಚ್ಚಿ, ಉತ್ಸವದ ಸ್ಥಾಪಕ ಕ್ಲೋಡ್ ನಾಬ್ಸ್‌ಗೆ ಶಿಫಾರಸು ಮಾಡಿದ್ದರು. ಆ ರಾತ್ರಿ ಬ್ಲೂಸ್‌ಗೆ, ಅಂದರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತ ಶೈಲಿಗೆ, ಮೀಸಲಾಗಿತ್ತು. ಇವರು ಆಸ್ಟಿನ್‌ನ ಬಾರುಗಳಲ್ಲಿ ನುಡಿಸುವ ಸದ್ದಿನಲ್ಲೇ ಶುರು ಮಾಡಿದರು. ಕೆಲವರಿಗೆ ಅದು ಜಾಸ್ತಿಯಾಯಿತು. ಕೂಗಿಗೆ ಸಾಮಾನ್ಯವಾಗಿ ಹೇಳುವ ಕಾರಣ ಇದೇ. ಇಡೀ ಸಭೆ ಏನೂ ಕೂಗಲಿಲ್ಲ. ಗಮನವಿಟ್ಟು ಕೇಳಿದರೆ ಚಪ್ಪಾಳೆಯೂ ಇದೆ. ಆದರೆ ಬೂ ಅನ್ನೋ ಸದ್ದಿನ ಗುಣವೇ ಹಾಗೆ, ಹತ್ತು ಜನ ಕೂಗಿದರೂ ನೂರು ಜನರ ಚಪ್ಪಾಳೆಯನ್ನು ಮುಚ್ಚಿಬಿಡುತ್ತದೆ.

ಈಗ ಸಂಗೀತಕ್ಕೆ ಬರೋಣ. ಒಂದೊಂದು ಸಲ ಒಂದೊಂದು ವಾದ್ಯದ ಹಿಂದೆ ಹೋಗಿ. ಎಲ್ಲರೂ ಗಿಟಾರ್ ಮಾತ್ರ ಕೇಳುತ್ತಾರೆ, ಅದು ಸಹಜ. ನೀವು ಮೊದಲ ಸಲ ಬಾಸ್ (ತಗ್ಗು ಸ್ವರದ ಗಿಟಾರ್) ಮತ್ತು ಡ್ರಮ್ಸ್ ಮಾತ್ರ ಹಿಡಿದುಕೊಂಡು ಕೇಳಿ. ಬಾಸ್ ಟಾಮಿ ಶ್ಯಾನನ್, ಡ್ರಮ್ಸ್ ಕ್ರಿಸ್ ಲೇಟನ್. ಬ್ಯಾಂಡಿನ ಹೆಸರು ಡಬಲ್ ಟ್ರಬಲ್. ಅಲ್ಲಿ ಇರುವುದೇ ಮೂವರು. ಎರಡನೇ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ವಾನ್ ಸೋಲೋಗೆ (ಒಬ್ಬರೇ ಮುಂದೆ ಬಂದು ನುಡಿಸುವ ಭಾಗಕ್ಕೆ) ಹೋದರೆ ಹಿಂದೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿಯುವವರು ಯಾರೂ ಇಲ್ಲ. ಆ ಖಾಲಿ ಜಾಗವನ್ನು ಶ್ಯಾನನ್ ತುಂಬಲು ಹೋಗುವುದಿಲ್ಲ. ಸ್ವರಗಳನ್ನು ಸುರಿಯುವುದಿಲ್ಲ, ದಪ್ಪಗೆ, ಸಮನಾಗಿ ನಡೆಯುತ್ತಾ ಹೋಗುತ್ತಾರೆ. ಈ ಶ್ಯಾನನ್ 1969ರಲ್ಲಿ ವುಡ್‌ಸ್ಟಾಕ್ ಅನ್ನೋ ದೊಡ್ಡ ಸಂಗೀತ ಉತ್ಸವದಲ್ಲಿ ಗಿಟಾರ್ ವಾದಕ ಜಾನಿ ವಿಂಟರ್ ಜೊತೆ ಬಾಸ್ ನುಡಿಸಿದ್ದವರು. ದೊಡ್ಡ ವೇದಿಕೆ ಅವರಿಗೆ ಹೊಸದಲ್ಲ. ಮಾಂಟ್ರೋದಲ್ಲಿ ಬ್ಯಾಂಡ್ ಅಲುಗಾಡದೆ ನಿಂತದ್ದರಲ್ಲಿ ಅವರ ಪಾಲು ದೊಡ್ಡದು ಅನ್ನೋದು ನನ್ನ ಅಭಿಪ್ರಾಯ.

ಶುರುವಾಗುವುದು ಹಾಡೇ ಇಲ್ಲದ ಎರಡು ತುಣುಕುಗಳಿಂದ. ಮೊದಲು ಬ್ಲೂಸ್ ಗಿಟಾರ್ ವಾದಕ ಫ್ರೆಡ್ಡಿ ಕಿಂಗ್ ಅವರ 'ಹೈಡ್ ಅವೇ'. ಆಮೇಲೆ ವಾನ್ ಅವರದ್ದೇ 'ರೂಡ್ ಮೂಡ್', ಉಸಿರು ಬಿಡಲು ಜಾಗ ಕೊಡದ ವೇಗ. ಯೋಚಿಸಿ ನೋಡಿ, ಯಾರಿಗೂ ಗೊತ್ತಿಲ್ಲದ ಬ್ಯಾಂಡು, ಬೇರೆ ದೇಶ, ಬರೀ ಗಿಟಾರಿನಲ್ಲೇ ಪರಿಚಯ ಹೇಳಿಕೊಳ್ಳುತ್ತಿದೆ. ಈ ಧೈರ್ಯ ನನಗೆ ಬಹಳ ಹಿಡಿಸುತ್ತದೆ.

ಮೂರನೆಯದು 'ಪ್ರೈಡ್ ಅಂಡ್ ಜಾಯ್'. ಇಲ್ಲಿ ಬಲಗೈ ಕೇಳಿ. ದಪ್ಪ ತಂತಿಗಳಲ್ಲಿ ಬಾಸ್ ನಡೆ, ಅದರ ನಡುನಡುವೆ ತೆಳು ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಮೀಟಿದ ಚುಟುಕು ಸದ್ದು. ಎರಡೂ ಒಂದೇ ಕೈಯಿಂದ ಬರುತ್ತಿವೆ. ಕಣ್ಣು ಮುಚ್ಚಿದರೆ ಇಬ್ಬರು ನುಡಿಸಿದ ಹಾಗೆ ಇರುತ್ತದೆ. ಗಿಟಾರ್ ಕಲಿಯುವವರು ಈ ಹಾಡಿನ ಸೋಲೋಗೆ ಮೊದಲು ಕೈ ಹಾಕುತ್ತಾರೆ. ನಿಜವಾದ ಕಷ್ಟ ಇರುವುದು ಈ ತಾಳದ ಕೈಯಲ್ಲಿ. ನಾನೂ ಮನೆಯಲ್ಲಿ ಸುಮ್ನೆ ನುಡಿಸುವವನು, ಆ ಲಯ ಕೊನೆಯವರೆಗೂ ಬಿಗಿ ಬಿಡದೆ ಹೋಗಬೇಕಾದರೆ ಮಣಿಕಟ್ಟಿಗೆ ಎಷ್ಟು ಕೆಲಸ ಅಂತ ಗೊತ್ತು.

ಸದ್ದು ಒರಟು ಅಂದಿರಿ. ಆ ದಪ್ಪ ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಕೇಳುವ ರೀತಿ ಬದಲಾಗಬಹುದು. ಬಹಳಷ್ಟು ರಾಕ್ ವಾದಕರು ಅತಿ ತೆಳು ತಂತಿಗೆ 9 ಅಥವಾ 10ರ ಅಳತೆ (ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ದಪ್ಪ) ಹಾಕುತ್ತಾರೆ. ವಾನ್ 13 ಹಾಕುತ್ತಿದ್ದರು. ತಂತಿ ದಪ್ಪವಾದಷ್ಟೂ ಸ್ವರಕ್ಕೆ ಮೈ ಬರುತ್ತದೆ, ಬೆರಳಿಗೆ ನೋವೂ ಬರುತ್ತದೆ. ಇಡೀ ಗಿಟಾರನ್ನು ಅರ್ಧ ಶ್ರುತಿ ಕೆಳಗೆ ಇಳಿಸುತ್ತಿದ್ದರು. ಅದರಿಂದ ತಂತಿಯ ಬಿಗಿ ಸ್ವಲ್ಪ ಸಡಿಲವಾಗಿ ಎಳೆಯಲು ಸಾಧ್ಯವಾಗುತ್ತಿತ್ತು. ಆದರೂ ಪ್ರತಿ ಎಳೆತದಲ್ಲೂ ತಂತಿ ಬೆರಳಿಗೆ ಎದುರು ನಿಲ್ಲುತ್ತದೆ. ಸ್ವರ ಸುಲಭವಾಗಿ ಮೇಲಕ್ಕೆ ಹೋಗುವುದಿಲ್ಲ, ತಳ್ಳಿಸಿಕೊಂಡು ಹೋಗುತ್ತದೆ. ಸ್ಟುಡಿಯೋ ಆಲ್ಬಂಗಿಂತ ಈ ಲೈವ್‌ನಲ್ಲಿ ಆ ತಳ್ಳಾಟ ಚೆನ್ನಾಗಿ ಕೇಳಿಸುತ್ತದೆ.

ಅದು ಅತಿ ಸ್ಪಷ್ಟವಾಗಿ ಸಿಗುವುದು ನಾಲ್ಕನೆಯ ಹಾಡು 'ಟೆಕ್ಸಾಸ್ ಫ್ಲಡ್'ನಲ್ಲಿ. ಇದು ಅವರ ಸ್ವಂತ ರಚನೆಯಲ್ಲ, 1958ರಲ್ಲಿ ಲ್ಯಾರಿ ಡೇವಿಸ್ ಮೊದಲು ಹಾಡಿದ್ದು. ನಿಮಗಿಷ್ಟವಾದ ಆಲ್ಬಮ್ಮಿನಲ್ಲಿ ಇದು ಐದು ನಿಮಿಷದ ಆಚೀಚೆ ಮುಗಿಯುತ್ತದೆ. ಮಾಂಟ್ರೋದಲ್ಲಿ ಸುಮಾರು ಹತ್ತು ನಿಮಿಷ. ನಿಧಾನದ ಬ್ಲೂಸ್, ಹನ್ನೆರಡು ಬಾರ್‌ಗಳ (ತಾಳದ ಆವರ್ತಗಳ) ಸುತ್ತು ಮತ್ತೆ ಮತ್ತೆ ಬರುತ್ತದೆ. ಒಂದು ಸುತ್ತಿನಲ್ಲಿ ಸ್ವರಗಳು ಕಡಿಮೆ, ಮುಂದಿನದರಲ್ಲಿ ಮಳೆಯಂತೆ. ಮತ್ತೆ ಒಂದೇ ಸ್ವರವನ್ನು ಹಿಡಿದು ಅಲುಗಿಸುತ್ತಾ ನಿಲ್ಲುತ್ತಾರೆ. ಅಸಮಾಧಾನ ತೋರಿಸುತ್ತಿರುವ ಸಭೆಯ ಮುಂದೆ ಯಾರಾದರೂ ಮಾಡುವುದೇನು? ಬೇಗ ಮುಗಿಸುತ್ತಾರೆ, ಇಲ್ಲವೇ ಇನ್ನೂ ಜೋರಾಗಿ, ಇನ್ನೂ ವೇಗವಾಗಿ ನುಡಿಸಿ ಮೆಚ್ಚಿಸಲು ನೋಡುತ್ತಾರೆ. ವಾನ್ ಹತ್ತು ನಿಮಿಷ ನಿಧಾನದ ಹಾಡಿನಲ್ಲೇ ಕೂತುಬಿಡುತ್ತಾರೆ. ಲೇಟನ್ ಲಯವನ್ನು ಒಂದು ಕೂದಲಷ್ಟೂ ಮುಂದಕ್ಕೆ ತಳ್ಳುವುದಿಲ್ಲ. ಈ ಹತ್ತು ನಿಮಿಷಕ್ಕಾಗಿಯೇ ನಾನು ಈ ಆಲ್ಬಮ್ಮಿಗೆ ಮರಳಿ ಬರುತ್ತೇನೆ.

ಆಮೇಲಿನದರಲ್ಲಿ 'ಡರ್ಟಿ ಪೂಲ್' ಒಂದನ್ನು ತಪ್ಪಿಸಿಕೊಳ್ಳಬೇಡಿ. ಉಳಿದ ಮೂರೂ ಚೆನ್ನಾಗಿಯೇ ಇವೆ, ಆದರೆ ಇದರಲ್ಲಿ ಅವರ ದನಿ ಇದೆ. ಅವರ ಹಾಡುಗಾರಿಕೆ ಬಗ್ಗೆ ಜನ ಮಾತಾಡುವುದು ಕಡಿಮೆ. ಗಿಟಾರ್ ಹಿಂದೆ ಗಡಗಡ ನಡುಗುತ್ತಿರುತ್ತದೆ, ದನಿ ಅದರ ಮೇಲೆ ನೇರವಾಗಿ ನಿಲ್ಲುತ್ತದೆ.

ಇಷ್ಟು ಕೇಳಿದ ಮೇಲೆ ಆ ಕೂಗಿಗೆ ಬನ್ನಿ. ಹಳೆಯ ಆಕಾಶವಾಣಿ ಕಛೇರಿಗಳಲ್ಲಿ ಮುಂದಿನ ಸಾಲಿನಿಂದ ಯಾರೋ 'ಭೇಷ್' ಅನ್ನೋದು ಕೇಳಿಸಿದರೆ ನಮಗೆ ಆ ಸಭೆಯಲ್ಲೇ ಕೂತಂತೆ ಆಗುತ್ತೆ, ಅಲ್ವಾ? ಇಲ್ಲಿ ಬೂ ಮಾಡುವ ಕೆಲಸವೂ ಅದೇ. ನಮ್ಮನ್ನು ಒಳಗೆ ಕೂರಿಸುತ್ತದೆ. ಎಷ್ಟೋ ಲೈವ್ ಆಲ್ಬಂಗಳಲ್ಲಿ ತಪ್ಪು ಸ್ವರಗಳನ್ನು ಆಮೇಲೆ ಸ್ಟುಡಿಯೋದಲ್ಲಿ ತಿದ್ದುತ್ತಾರೆ, ಚಪ್ಪಾಳೆಯನ್ನು ಏರಿಸುತ್ತಾರೆ. ಅಲ್ಲಿ ಸಭೆ ಬರೀ ಅಲಂಕಾರ. ಇಲ್ಲಿ ಸಭೆಗೆ ಸ್ವಂತ ಅಭಿಪ್ರಾಯ ಇದೆ, ಅದು ಹಾಗೇ ಉಳಿದುಕೊಂಡಿದೆ.

ಉಳಿದದ್ದಕ್ಕೆ ನಾಬ್ಸ್‌ಗೆ ಧನ್ಯವಾದ ಹೇಳಬೇಕು. 1967ರಲ್ಲಿ ಉತ್ಸವ ಶುರು ಮಾಡಿದ ಅವರಿಗೆ ಕಾರ್ಯಕ್ರಮಗಳನ್ನು ಒಳ್ಳೆಯ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿಸಿ ಇಟ್ಟುಕೊಳ್ಳುವ ಹಟವಿತ್ತು. ಹೆಸರಾದವರಿಗೆ ಮಾತ್ರ ಅಲ್ಲ, ಆಲ್ಬಂ ಇಲ್ಲದ ಹುಡುಗನಿಗೂ ಅದೇ ಮೈಕು, ಅದೇ ಟೇಪು. 2013ರಲ್ಲಿ ಯುನೆಸ್ಕೊ ಈ ಸಂಗ್ರಹವನ್ನು ವಿಶ್ವದ ಸ್ಮರಣೆ ಪಟ್ಟಿಗೆ ಸೇರಿಸಿತು. ಆ ಟೇಪು ಇಲ್ಲದಿದ್ದರೆ 'ವಾನ್ ಅವರನ್ನು ಒಮ್ಮೆ ಮಾಂಟ್ರೋದಲ್ಲಿ ಕೂಗಿ ಇಳಿಸಿದ್ದರಂತೆ' ಅನ್ನೋ ಸುದ್ದಿ ಮಾತ್ರ ನಮ್ಮ ಪಾಲಿಗೆ ಉಳಿಯುತ್ತಿತ್ತು. ನಿಜವಾಗಿ ಅವರು ಹೇಗೆ ನುಡಿಸಿದರು ಅನ್ನೋದು ಹೋಗಿಬಿಡುತ್ತಿತ್ತು.

ಆಮೇಲೆ ಆದದ್ದನ್ನು ನೀವು ಎಲ್ಲಾದರೂ ಓದಿರುತ್ತೀರಿ. ಅಲ್ಲಿ ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿ ಅವರ ಗಮನಕ್ಕೆ ಬಂದು, ಬೋವಿಯವರ 1983ರ 'ಲೆಟ್ಸ್ ಡಾನ್ಸ್' ಆಲ್ಬಮ್ಮಿನಲ್ಲಿ ವಾನ್ ಗಿಟಾರ್ ನುಡಿಸಿದರು. ಮಾಂಟ್ರೋದಲ್ಲೇ ಜೊತೆಗೆ ನುಡಿಸಿದ ಅಮೆರಿಕದ ಗಾಯಕ ಜ್ಯಾಕ್ಸನ್ ಬ್ರೌನ್ ಲಾಸ್ ಏಂಜಲೀಸ್‌ನ ತಮ್ಮ ಸ್ಟುಡಿಯೋವನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟರು. 1982ರ ನವೆಂಬರಿನಲ್ಲೇ ಅಲ್ಲಿ ಕೆಲವೇ ದಿನಗಳಲ್ಲಿ ಮುಗಿಸಿದ ರೆಕಾರ್ಡಿಂಗೇ ನಿಮಗಿಷ್ಟವಾದ ಆ ಮೊದಲ ಆಲ್ಬಂ. ಇನ್ನೊಂದು ಸಂಗತಿ ಅಷ್ಟಾಗಿ ಹೇಳಿದ್ದು ಕೇಳಿಲ್ಲ. 1982ರ ಮಾಂಟ್ರೋ ಬ್ಲೂಸ್ ರೆಕಾರ್ಡಿಂಗುಗಳನ್ನು ಸೇರಿಸಿ 'ಬ್ಲೂಸ್ ಎಕ್ಸ್‌ಪ್ಲೋಷನ್' ಅನ್ನೋ ಸಂಕಲನ ಬಂತು. ಅದರಲ್ಲಿ ಇದೇ 'ಟೆಕ್ಸಾಸ್ ಫ್ಲಡ್' ಇದೆ. ಆ ಸಂಕಲನಕ್ಕೆ 1985ರಲ್ಲಿ ಗ್ರ್ಯಾಮಿ ಸಿಕ್ಕಿತು.

ಈ ಕಥೆ ಚೆನ್ನಾಗಿದೆ. ಆದರೆ ಅದನ್ನು ತಲೆಯಲ್ಲಿ ಇಟ್ಟುಕೊಂಡು ಕೇಳಬೇಡಿ ಅನ್ನೋದು ನನ್ನ ಕೋರಿಕೆ. ಆ ರಾತ್ರಿ ವೇದಿಕೆಯ ಮೇಲಿದ್ದವರಿಗೆ ಬೋವಿಯ ವಿಷಯವೂ ಗೊತ್ತಿಲ್ಲ, ಗ್ರ್ಯಾಮಿಯ ವಿಷಯವೂ ಗೊತ್ತಿಲ್ಲ. ಮುಂದೆ ಒಳ್ಳೆಯದಾಗುತ್ತದೆ ಅನ್ನೋ ಯಾವ ಭರವಸೆಯೂ ಇಲ್ಲದೆ ನುಡಿಸಿದ್ದಾರೆ. ಹಾಗೆ ಕೇಳಿದರೆ ಪ್ರತಿ ಹಾಡಿಗೂ ತೂಕ ಬರುತ್ತದೆ.

ಎರಡನೇ ಡಿಸ್ಕ್ 1985ರ ಜುಲೈ 15ರದ್ದು. ಅದೇ ಊರು, ಈ ಸಲ ದೊಡ್ಡ ಹೆಸರು, ಸ್ವಾಗತವೂ ಜೋರು. ರೀಸ್ ವೈನನ್ಸ್ ಕೀಬೋರ್ಡಿಗೆ ಬಂದಿದ್ದಾರೆ. ಮೂವರಿದ್ದಾಗ ಇದ್ದ ಖಾಲಿ ಜಾಗವನ್ನು ಆರ್ಗನ್ ತುಂಬುತ್ತದೆ, ಸದ್ದು ಶ್ರೀಮಂತವಾಗುತ್ತದೆ. 'ಪ್ರೈಡ್ ಅಂಡ್ ಜಾಯ್' ಮತ್ತು 'ಟೆಕ್ಸಾಸ್ ಫ್ಲಡ್' ಎರಡೂ ರಾತ್ರಿ ಇವೆ, ಒಂದರ ಹಿಂದೆ ಒಂದು ಹಾಕಿ ಕೇಳಿ. ನನಗೆ 1982ರದ್ದೇ ಬಿಗಿ ಅನಿಸುತ್ತದೆ. 1985ರ ಹೊತ್ತಿಗೆ ಕುಡಿತ ಮತ್ತು ಕೊಕೇನ್ ಅವರ ದೇಹವನ್ನು ತಿನ್ನುತ್ತಿದ್ದವು. ಮರುವರ್ಷ ಯುರೋಪ್ ಪ್ರವಾಸದಲ್ಲೇ ಕುಸಿದು, ಚಿಕಿತ್ಸೆ ಪಡೆದು ಎಲ್ಲ ಬಿಟ್ಟರು. 1990ರ ಆಗಸ್ಟ್‌ನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಬರೀ 35. ಎರಡನೇ ಡಿಸ್ಕ್‌ನಲ್ಲಿ ನನಗೆ ಅತಿ ಹತ್ತಿರವಾದದ್ದು 'ಟಿನ್ ಪ್ಯಾನ್ ಆಲಿ'. ಟೆಕ್ಸಾಸ್‌ನ ಹಿರಿಯ ಜಾನಿ ಕೋಪ್‌ಲ್ಯಾಂಡ್ ಜೊತೆಗೂಡುತ್ತಾರೆ. ಹಿರಿಯರ ಪಕ್ಕದಲ್ಲಿ ನಿಂತಾಗ ವಾನ್ ಅವರ ಗಿಟಾರ್ ಎಷ್ಟು ತಗ್ಗುತ್ತದೆ, ಎಷ್ಟು ಜಾಗ ಬಿಡುತ್ತದೆ ಅಂತ ಗಮನಿಸಿ.

ಇವೆರಡೂ ಸೇರಿ ಆಲ್ಬಂ ಆಗಿ ಬಂದದ್ದು 2001ರಲ್ಲಿ. ಆಮೇಲೆ ಡಿವಿಡಿಯೂ ಬಂತು. ವಿಡಿಯೋ ನೋಡಿ, ಆದರೆ ಆಡಿಯೋ ಕೇಳಿದ ಮೇಲೆ. ಅವರ ಕೈ ನೋಡತೊಡಗಿದರೆ ಕಣ್ಣು ಬೇರೆಲ್ಲೂ ಹೋಗುವುದಿಲ್ಲ, ಶ್ಯಾನನ್ ಮತ್ತು ಲೇಟನ್ ಮರೆತೇ ಹೋಗುತ್ತಾರೆ.

ಇಷ್ಟವಾದರೆ ಮುಂದೆ 'ಇನ್ ದ ಬಿಗಿನಿಂಗ್' ಕೇಳಿ. 1980ರ ಏಪ್ರಿಲ್ 1ರಂದು ಆಸ್ಟಿನ್‌ನ ಒಂದು ಕ್ಲಬ್ಬಿನಿಂದ ರೇಡಿಯೋಗೆ ಪ್ರಸಾರವಾದ ಕಾರ್ಯಕ್ರಮ ಅದು, ಆಲ್ಬಂ ಆಗಿ ಬಂದದ್ದು 1992ರಲ್ಲಿ. ಅದರಲ್ಲಿ ಬಾಸ್ ನುಡಿಸಿರುವುದು ಜ್ಯಾಕಿ ನ್ಯೂಹೌಸ್, ಶ್ಯಾನನ್ ಆಗಿನ್ನೂ ಸೇರಿರಲಿಲ್ಲ. ಮಾಂಟ್ರೋ ಕೇಳಿದ ಕಿವಿಯಲ್ಲೇ ಅದನ್ನು ಕೇಳಿದರೆ, ಬಾಸ್ ಬದಲಾದ ಮೇಲೆ ಇದೇ ಗಿಟಾರ್ ಎಷ್ಟು ನಿರಾಳವಾಯಿತು ಅಂತ ನಿಮಗೇ ತಿಳಿಯುತ್ತದೆ.